ಎರಡು ಬೆರಳಿನ ಸಡಿಲು

ಹೋದ ವಾರ ಸೊಸಿ ದೇವರ ಸಾಮಾನು ತಿಕ್ಕಾಕ ಕುಂತಿದ್ಲು. ತಂಬಿಗಿ, ಗಂಟಿ, ದೀಪ ಎಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕಿದ್ಲು. ಅವುಗಳ ಜೋಡಿ ನನ್ನ ಟ್ರಂಕಿನ ಮ್ಯಾಲೆ ಇದ್ದ ಗಿಡ್ಡ ಹಿತ್ತಾಳಿ ಕೊಳವಿನೂ ತಿಕ್ಕಿ ತಂದು ನನ್ನ ಅಂಗೈಯಾಗ ಇಟ್ಲು.

"ಮಾವಾ, ಎಷ್ಟು ಕರ್ರಗಾಗಿತ್ತು ನೋಡ್ರಿ ಇದು. ಈಗ ಬಂಗಾರದಂಗ ಆತು. ಯಾತರದು, ದೀಪದ ಕೆಳಗ ಇಡೂದೇನು?"

ಹ್ಞೂಂ ಅಂದ್ನಿ. ಆಕಿ ಒಳ್ಳೇದಕ್ಕ ಮಾಡಿದ್ದು. ಆದ್ರ ಅದರ ಒಳಗ ಕರೇ ಗ್ರೀಸು ಇತ್ತು. ಐವತ್ತು ವರ್ಷದ ಮ್ಯಾಲಾಗಿತ್ತು, ಒಣಗಿ ಕಲ್ಲಿನಂಗ ಅಂಟಿಕೊಂಡಿತ್ತು. ಅದು ಹುಣಸಿ ನೀರಿನ ಜೋಡಿ ಬಚ್ಚಲಕ್ಕ ಹೋತು. ಆ ಗ್ರೀಸು ಹಚ್ಚಿದ ಬೆರಳು ಯಾರದು ಅಂತ ನಾನು ಮನ್ಯಾಗ ಯಾರಿಗೂ ಹೇಳಿಲ್ಲ. ಕೊಳವಿ ಎತ್ತಿ ಮೂಗಿಗೆ ಹಿಡಿದ್ನಿ. ಹುಣಸಿ ಹುಳಿ, ಹಿತ್ತಾಳಿ ವಾಸನಿ... ಅದರ ಹಿಂದ ಎಲ್ಲೋ ದೂರದಾಗ ಕೌಲ್ ಬಜಾರಿನ ಒಂದು ತಗಡಿನ ಶೆಡ್ಡು.

ಬಳ್ಳಾರ್ಯಾಗ ಗಾಡಿ ರಿಪೇರಿ ಮಾಡೋ ಒಬ್ಬ ಮಿಸ್ತ್ರಿದು ಆ ಶೆಡ್ಡು. ಆವಾಗ ಬಳ್ಳಾರಿ ಇನ್ನಾ ಮದ್ರಾಸಿಗೆ ಸೇರಿತ್ತು. ಮಿಸ್ತ್ರಿ ಯುದ್ಧದ ಕಾಲಕ್ಕ ದಂಡಿನ ಲಾರಿ ರಿಪೇರಿ ಮಾಡಿ ಕೈ ಪಳಗಿಸಿಕೊಂಡಿದ್ರು. ಯುದ್ಧ ಮುಗಿದ ಮ್ಯಾಲೆ ಜಟಕಾ ಗಾಡಿ ಕಟ್ಟೋರ ಸಾಲಿನಾಗ ತಮ್ಮದೇ ಶೆಡ್ಡು ಹಾಕಿದ್ರು. ಕಬ್ಬಿಣ ಹಿತ್ತಾಳಿ ಕಡ್ಯಾಕ ಕೈಲೆ ತಿರುವೋ ಒಂದು ಲೇತು, ಒಂದು ತಿದಿ, ಎಣ್ಣಿ ಕುಡಿದು ಕರ್ರಗಾದ ಒಂದು ಕಟ್ಟಿಗಿ ಬೆಂಚು. ಗಿರಾಕಿ ಜೋಡಿ ತೆಲುಗೋ ಕನ್ನಡವೋ ಮಾತಾಡ್ತಿದ್ರು. ಕಬ್ಬಿಣದ ಜೋಡಿ ಮಾತ್ರ ಉರ್ದುದಾಗ, ಮೆಲ್ಲಗ, ಮಕ್ಕಳಿಗೆ ರಮಿಸಿದಂಗ. ಅವರದೊಂದು ರೂಢಿ ಇತ್ತು. ಏನೇ ಇರ್ಲಿ, ಮೊದಲು ಬೆರಳಿಲೆ ಅಳೀಬೇಕು, ಆಮ್ಯಾಲೆ ಸ್ಕೇಲು ಹಿಡೀಬೇಕು. ಬೆರಳು ಹೇಳಿದ್ದನ್ನ ಸ್ಕೇಲು ಒಮ್ಮೆನೂ ಸುಳ್ಳು ಮಾಡಿದ್ದು ನಾ ನೋಡ್ಲಿಲ್ಲ.

ನಾನು ಸಿರುಗುಪ್ಪದಾಗ ಒಬ್ಬ ಸಾವ್ಕಾರ್ರ ಹತ್ರ ಮೊದಲು ಎತ್ತು ಹೊಡೀತಿದ್ನಿ. ಅವರ ಎರಿ ಹೊಲದಾಗ ಗರಿಕಿ ಬೇರು ಆಳಕ್ಕ ಇಳಿದು, ನೇಗಲಿಗೆ ಬಗ್ಗದಂಗ ಆದಾಗ ಒಂದು ಹಳೇ ಟ್ರ್ಯಾಕ್ಟರು ತರಿಸಿದ್ರು. ಕಬ್ಬಿಣದ ಗಾಲಿ, ಸೀಮೆಎಣ್ಣಿ ಎಂಜಿನ್ನು. ತಂದಾಂವ ನಾಲ್ಕು ದಿನ ಕಲಿಸಿ ಹೋದ. ಐದನೇ ದಿನಕ್ಕ ನಾನು ಡ್ರೈವರು. ಖಾಕಿ ಅಂಗಿ ಹೊಲಿಸಿಕೊಂಡ್ನಿ. ಆವಾಗ ನನಗ ಒಂದಕ್ಷರ ಬರ್ತಿರ್ಲಿಲ್ಲ. ಸಾಲಿ ಕಲ್ತಿದ್ದು ಎರಡು ಮಕ್ಕಳಾದ ಮ್ಯಾಲೆ. ಈಗ ಮೊಮ್ಮಗನ ಕಂಪ್ಯೂಟರಿನಾಗ ಒಂದೊಂದೇ ಅಕ್ಷರ ಹುಡುಕಿ ಒತ್ತಾಕ ಹತ್ತೀನಿ. ಆದ್ರ ಆ ಕಾಲದಾಗ ಊರಿನ ಮಂದಿ "ಡ್ರೈವರಾ" ಅಂತ ಕರದ್ರ ಸಾಕು, ನನಗ ಎಲ್ಲಾ ಬರ್ತೈತಿ ಅನಸ್ತಿತ್ತು.

ಆ ಟ್ರ್ಯಾಕ್ಟರಿನ ಕ್ಲಚ್ ಪೆಡ್ಲು ಹಾಳಾಗಿತ್ತು. ಎಡಗಾಲಿಲೆ ಅದನ್ನ ತುಳಿದ್ರ ಎಂಜಿನ್ನಿಗೂ ಗಾಲಿಗೂ ಸಂಬಂಧ ಬಿಡ್ತೈತಿ, ಕಾಲು ತೆಗದ್ರ ಕೂಡ್ತೈತಿ. ಪೆಡ್ಲು ಕುಂತಿರೋ ಪಿನ್ನು ಸವದು, ತೂತು ಸವದು ತತ್ತಿಯಂಗ ಉದ್ದಕಾಗಿ, ಪೆಡ್ಲು ಮುದುಕರ ಹಲ್ಲಿನಂಗ ಆ ಕಡಿ ಈ ಕಡಿ ಅಳ್ಳಾಡ್ತಿತ್ತು. ಒಮ್ಮೆ ಬಾವಿ ದಂಡಿಗೆ ತಿರುವೋವಾಗ ಕಾಲಿನ ಕೆಳಗಿಂದ ಜಾರಿ, ಗಾಡಿ ಜಿಗಿದು ಬಿಡ್ತು. ಬಾವಿ ಇನ್ನಾ ಒಂದು ಮಾರು ಇತ್ತು. ಮರುದಿನದಿಂದ ಪೆಡ್ಲಿಗೆ ಹಗ್ಗ ಬಿಗಿದು ಒಂದು ಕಡಿಗೆ ಜಗ್ಗಿ ಕಟ್ಟಿ ಹೊಡೀತಿದ್ನಿ. ಕಡಿಗೆ ಸಾವ್ಕಾರ್ರ ಹೇಳಿದ್ರು ಬಳ್ಳಾರಿಗೆ ಒಯ್ಯಿ ಅಂತ. ಪೆಡ್ಲು ಬಿಚ್ಚಿ ಗೋಣಿಚೀಲದಾಗ ಕಟ್ಟಿಕೊಂಡು ಬಸ್ಸು ಹತ್ತಿದ್ನಿ.

ಮಿಸ್ತ್ರಿ ಚೀಲ ಬಿಚ್ಚಿ ಮೊದಲು ನೋಡಿದ್ದು ಪೆಡ್ಲಿಗೆ ಇನ್ನಾ ಸುತ್ತಿಕೊಂಡಿದ್ದ ಹಗ್ಗ.

"ಎತ್ತು ಹೊಡ್ಯಾಂವೇನಪಾ ನೀನು?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಗಂಟು ಹೇಳ್ತೈತಲ್ಲ. ಇದು ಕಿತ್ಕೊಂಡು ಓಡಿ ಹೋಗೂದಿಲ್ಲ ತಮ್ಮಾ, ಕಟ್ಟಿ ಹಾಕಬ್ಯಾಡ."

ನಕ್ಕೊಂತನ ತೂತಿನಾಗ ಬೆರಳು ಆಡಿಸಿದ್ರು. ಇಡೀ ದಿನ ಕೆಲಸ ಮಾಡಿದ್ರು. ಸವದ ತೂತು ದುಂಡಗ ಕೊರದು, ಅದರಾಗ ಕೂಡಾಕ ಹಿತ್ತಾಳಿ ಬುಷ್ಷು, ಅಂದ್ರ ಈ ಕೊಳವಿ, ಲೇತಿನ ಮ್ಯಾಲೆ ಕಡದ್ರು. ಹೊಸಾ ಪಿನ್ನು ಮಾಡಿದ್ರು. ಮಧ್ಯಾಹ್ನ ತಮ್ಮ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗೆ ಇಟ್ರು, ಉಣ್ಣು ಅಂತ ಕೂಡ ಅನ್ಲಿಲ್ಲ. ಮರುದಿನ ತಾವ ನನ್ನ ಜೋಡಿ ಸಿರುಗುಪ್ಪಕ್ಕ ಬಂದ್ರು. ಕೂಡಸೂದೂ ತಮ್ಮ ಕೈಲೆನ ಆಗಬೇಕು ಅಂದ್ರು.

ಕೂಡಿಸಿದ ಮ್ಯಾಲೆ ಪೆಡ್ಲು ಆ ಕಡಿ ಈ ಕಡಿ ಕೂದಲೆಳಿಯಷ್ಟೂ ಅಲುಗಲಿಲ್ಲ. ಆಮ್ಯಾಲೆ ಅವರು ಪೆಡ್ಲಿನಿಂದ ಕ್ಲಚ್ಚಿಗೆ ಹೋಗೋ ಸಳಿಯ ನಟ್ಟು ತಿರುವಿ, ತಿರುವಿ, ನನ್ನನ್ನ ಬಾಗಿಸಿ ತೋರ್ಸಿದ್ರು. ಪೆಡ್ಲು ಕೈಲೆ ಒತ್ತಿದ್ರ ಎರಡು ಬೆರಳಷ್ಟು ಹಗುರಕ ಇಳೀತಿತ್ತು, ಆಮ್ಯಾಲೆ ಭಾರ ಹತ್ತತಿತ್ತು.

"ಈ ಎರಡು ಬೆರಳು ಸಡಿಲು ನಾನ ಬಿಟ್ಟಿದ್ದು. ಎತ್ತಿಗೆ ಕೊರಳ ಹಗ್ಗ ಕಟ್ಟೋವಾಗ ಬೆರಳು ಹೋಗೋವಷ್ಟು ಬಿಡೂದಿಲ್ಲೇನು? ಹಂಗ. ಇದನ್ನ ಬಿಗಿದ್ರ ಕ್ಲಚ್ಚು ಪೂರಾ ಹಿಡ್ಯಾಂಗಿಲ್ಲ, ಒಳಗಿನ ಪ್ಲೇಟು ಜಾರಿ ಜಾರಿ ಸುಡ್ತೈತಿ. ಸಮಝ್ಯಾ?"

ಸಮಜಾತು ಅಂದ್ನಿ. ಖರೇನ ಸಮಜಾಗಿತ್ತು. ಅದನ್ನ ಇಲ್ಲೇ ಬರದು ಬಿಡ್ತೀನಿ. ಗೊತ್ತಿರ್ಲಿಲ್ಲ ಅಂತ ಹೇಳಿಕೊಳ್ಳಾಕ ನನಗ ಜಾಗಾನ ಇಲ್ಲ. ಅವರು ನಟ್ಟಿಗೆ ತಂತಿ ಬಿಗಿದು, ಬುಷ್ಷಿಗೆ ಬೆರಳಿಲೆ ಗ್ರೀಸು ತುಂಬಿ, ಮೂರು ಗಂಟೆ ಬಸ್ಸಿಗೆ ಹೋದ್ರು.

ಬಸ್ಸು ಊರು ದಾಟಿರ್ಲಿಕ್ಕಿಲ್ಲ, ಸಾವ್ಕಾರ್ರ ಬಂದ್ರು. ಬೆತ್ತದ ತುದಿಲೆ ಪೆಡ್ಲು ಒತ್ತಿ ನೋಡಿದ್ರು.

"ಏನಲೇ ಡ್ರೈವರಾ, ಇನ್ನಾ ಸಡಿಲೈತಲ್ಲೋ!"

"ಅದು ಅಷ್ಟು ಬೇಕಂತ್ರಿ. ಮಿಸ್ತ್ರಿ ಹೇಳ್ಯಾರ್ರಿ."

"ಬೇಕಂತ? ಬಂಡಿ ಕೀಲು ಎರಡು ಬೆರಳು ಸಡಿಲಿದ್ರ ಹತ್ತತಿಯೇನಲೇ ಬಂಡಿ? ಇನ್ನೊಮ್ಮೆ ಕರಸ್ಲಿ ಅಂತ ಬಿಟ್ಟು ಹೋಗ್ಯಾನ ಆಂವ. ನೀ ಅದನ್ನ ಗಿಣಿಯಂಗ ಒಪ್ಪಿಸ್ತಿ. ಎತ್ತಿನ ಬಾಲ ಹಿಡ್ಯಾಂವಗ ಗಾಡಿ ಕೊಟ್ಟಿದ್ದು ನನ್ನ ತಪ್ಪು."

ಕಟ್ಟಿ ಮ್ಯಾಲೆ ಕುಂತಿದ್ದ ಆಳುಗಳು ನಕ್ಕರು. ಅವರು ನನ್ನ ಜೋಡಿನ ಎತ್ತು ಹೊಡದೋರು. ಖಾಕಿ ಅಂಗಿ ಒಳಗ ನನ್ನ ಮೈ ಸುಟ್ಟಂಗಾತು. "ನಾನ ಸರಿ ಮಾಡ್ತೀನಿ ಬಿಡ್ರಿ" ಅಂದ್ನಿ. ಮಿಸ್ತ್ರಿ ಬಿಗಿದ ತಂತಿ ಬಿಚ್ಚಿ, ಆ ಎರಡು ಬೆರಳು ಪೂರಾ ಹೋಗೋ ತನಕ ನಟ್ಟು ತಿರುವಿದ್ನಿ. ಸಾವ್ಕಾರ್ರ ಮತ್ತ ಬೆತ್ತ ಒತ್ತಿದ್ರು, "ಹಾಂ, ಈಗ ಆತು ನೋಡು" ಅಂದ್ರು. ಆ ಸಂಜಿ ನಾನು ಎದಿ ಉಬ್ಬಿಸಿ ಅಡ್ಡಾಡಿದ್ನಿ.

ಮರುದಿನ ಹೊಲಕ್ಕ ಇಳಿಸಿದ್ನಿ. ಗರಿಕಿ ಬೇರಿಗೆ ನೇಗಲು ಸಿಕ್ಕಾಗೆಲ್ಲಾ ಎಂಜಿನ್ನು ಒದರ್ತಿತ್ತು, ಗಾಡಿ ಮುಂದಕ ಹೋಗ್ತಿರ್ಲಿಲ್ಲ. ಬಿಸಿಲು ನೆತ್ತಿಗೆ ಬರೂದ್ರೊಳಗ ಕೂದಲು ಸುಟ್ಟಂಥಾ ವಾಸನಿ, ಕಾಲಿನ ಕೆಳಗಿಂದ ಹೊಗಿ. ಗಾಡಿ ಸಾಲಿನ ನಡುವ ನಿಂತು ಬಿಡ್ತು.

ಆವಾಗ ನಾನು ಮಾಡಿದ್ದು... ಇದನ್ನ ಬರ್ಯಾಕ ಮೂರು ದಿನ ಆತು. ಸಾವ್ಕಾರ್ರಿಗೆ ಸುದ್ದಿ ಮುಟ್ಟಿಸೋ ಮೊದಲು ಗಾಡಿ ಕೆಳಗ ತೂರಿ, ನಟ್ಟು ಹಿಂದಕ ತಿರುವಿದ್ನಿ. ನನ್ನ ಬೆರಳು ಇಟ್ಟು ಅಳತಿ ನೋಡಿ, ಎರಡು ಬೆರಳು ಸಡಿಲು ಮಾಡಿ, ಮಿಸ್ತ್ರಿ ಹೆಂಗ ಬಿಗಿದಿದ್ರೋ ಹಂಗ ತಂತಿ ಬಿಗಿದ್ನಿ. ಎತ್ತು ಹೊಡ್ಯಾಂವ. ಗಂಟು ಹಾಕೂದ್ರಾಗ ನನ್ನ ಕೈ ಚಲೋ ಇತ್ತು. ಸಾವ್ಕಾರ್ರಿಗೆ ಮಾತ್ರ, ಬಿಗಿ ಮಾಡಿದ್ದು ಕೆಲಸ ಮಾಡೋವಾಗ ತಾನ ಸಡಿಲಾತು ಅಂತ ಹೇಳಿದ್ನಿ. ಅವರೂ ತಾವ ಬಿಗಿಸಿದ್ದನ್ನ ಬಾಯಿ ಬಿಡ್ಲಿಲ್ಲ.

ಮಿಸ್ತ್ರಿ ಬಂದ್ರು. ಸಾವ್ಕಾರ್ರ ಇಡೀ ಹೊಲಕ್ಕ ಕೇಳೋಹಂಗ ಬೈದ್ರು, ಇವರು ಗಾಡಿ ಕೆಳಗ ತೂರಿದ್ರು. ಮೊದಲು ತಂತಿ ನೋಡಿದ್ರು. ಆಮ್ಯಾಲೆ ಪೆಡ್ಲಿನ ಕೆಳಗ ಬೆರಳು ಇಟ್ರು. ಸ್ಕೇಲು ತೆಗದು ಇಟ್ರು. ಮತ್ತ ಬೆರಳು ಇಟ್ರು. ನಾನು ಎರಡು ಮಾರು ದೂರದಾಗ ನಿಂತಿದ್ನಿ.

"ಸಡಿಲು ಸರಿ ಐತಿ," ಅಂದ್ರು, ತಮ್ಮಷ್ಟಕ್ಕ ತಾವ. "ಹಂಗಾದ್ರ ಬುಷ್ಷ ಬಿಗಿ ಆಗೇತಿ. ಪೆಡ್ಲು ಪೂರಾ ಹಿಂದಕ ಬಂದಿಲ್ಲ, ಅದಕ್ಕ ಪ್ಲೇಟು ಸುಟ್ಟೈತಿ. ತಪ್ಪು ನಂದು."

ಬುಷ್ಷು ಹೊಡದು ಹೊರಗ ತೆಗದ್ರು. ಬಿಸಿಲಿಗೆ ಹಿಡಿದು ಒಳಗ ನೋಡಿದ್ರು, ಭಾಳ ಹೊತ್ತು. ಬದುವಿನ ಕಡಿ ಒಗದ್ರು. ಇನ್ನೊಂದು ಬುಷ್ಷು ಮಾಡಿ ತಂದ್ರು, ಈ ಸಲ ಬೇಕಂತನ ಸಡಿಲು. ಸುಟ್ಟ ಪ್ಲೇಟಿನ ಬದಲಿ ಮದ್ರಾಸಿನಿಂದ ಬರೂದ್ರಾಗ ಹೊಲದ ಬಿತ್ತೋ ಹದ ಹೋತು. ಬಂದ ಮ್ಯಾಲೆ ಪೆಡ್ಲು ಮತ್ತ ಅಳ್ಳಾಡಾಕ ಹತ್ತಿತು. ಬದುವಿನಾಗ ಬಿದ್ದಿದ್ದನ್ನ ನಾನು ಎತ್ತಿಕೊಂಡಿದ್ನಿ. ಯಾಕ ಎತ್ತಿಕೊಂಡ್ನಿ, ಗೊತ್ತಿಲ್ಲ... ಮನಿ ಕೀಲಿಕೈಗೆ ಪೋಣಿಸಿಕೊಂಡು ಇಟ್ಕೊಂಡ್ನಿ.

ಕೌಲ್ ಬಜಾರಿನ ಮಿಸ್ತ್ರಿ ಟ್ರ್ಯಾಕ್ಟರು ಸುಟ್ಟ ಅಂತ ಸಾವ್ಕಾರ್ರ ಹೋದಲ್ಲೆಲ್ಲಾ ಹೇಳಿದ್ರು. ಶೆಡ್ಡಿಗೆ ಬರೋ ಲಾರಿ ಕಡಿಮಿ ಆದ್ವು. ಬಂದವುಗಳನ್ನೂ ಮಿಸ್ತ್ರಿ ತಾವ ಹಿಂದಕ ಕಳಸ್ತಾರ ಅಂತ ಕೇಳಿದ್ನಿ. ಒಂದು ವರ್ಷದಾಗ ಶೆಡ್ಡಿಗೆ ಕೀಲಿ ಬಿತ್ತು.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ನಾನು ಬಿತ್ತನಿ ಬೀಜ ತರಾಕ ಕುರುಗೋಡಿಗೆ ಹೋಗಿದ್ನಿ. ಬಸ್ಸು ನಿಲ್ಲೋ ಜಾಗದ ಹತ್ರ, ಒಂದು ಗ್ವಾಡಿ ನೆರಳಿನಾಗ, ರಿಪೇರಿಗೆ ಬಂದ ಸ್ಟೋವು ಕಂದೀಲು ಹರವಿಕೊಂಡು ಮಿಸ್ತ್ರಿ ಕುಂತಿದ್ರು. ನಾನು ಮುಖ ತಿರುವೋದ್ರೊಳಗ ಅವರ ಕರದ್ರು.

"ಏ ಡ್ರೈವರ್ ಸಾಬ್! ಬಾ, ಬಾ. ಪೆಡ್ಲು ಹೆಂಗೈತಿ?"

"ಚಲೋ ಐತ್ರಿ."

"ಸುಳ್ಳು ಹೇಳ್ತಿ. ನಾನ ಸಡಿಲು ಕೂಡಿಸೀನಿ, ಚಲೋ ಹೆಂಗಿರ್ತೈತಿ?" ನಕ್ಕರು. ಆಮ್ಯಾಲೆ ಕೈಯಾಗಿನ ಸ್ಟೋವು ಕೆಳಗಿಟ್ರು. "ಒಂದು ಮಾತು ತಮ್ಮಾ. ಆ ಮೊದಲನೇ ಬುಷ್ಷು ನಾನು ಒಗೀಬಾರದಿತ್ತು. ಎಲ್ಲಿ ಬಿಗಿ ಆಗಿತ್ತು ಅಂತ ನನಗ ಇನ್ನಾ ಗೊತ್ತಾಗಿಲ್ಲ. ಅದಾದ ಮ್ಯಾಲೆ ನಾನು ಬೆರಳು ನಂಬಿಲ್ಲ, ನೋಡು. ಅದು ಇದ್ದಿದ್ರ ಒಮ್ಮೆ ಅಳದು ನೋಡ್ತಿದ್ನಿ. ಆ ಹೊಲದಾಗ ಸಿಕ್ರ..."

ಅದು ನನ್ನ ಅಂಗಿ ಕಿಸೇದಾಗ ಇತ್ತು, ಕೀಲಿಕೈ ಜೋಡಿ. ಕಿಸೇದಾಗ ಕೈ ಹಾಕಿ ಅದನ್ನ ಮುಷ್ಟಿಯಾಗ ಹಿಡಿದ್ನಿ. ಅಂಗೈ ಬೆವತು ಹಿತ್ತಾಳಿ ಬೆಚ್ಚಗಾತು. ತೆಗದು ಕೊಟ್ಟಿದ್ರ ಅವರು ಅಲ್ಲೇ ಅಳೀತಿದ್ರು. ಅಳದ ಮ್ಯಾಲೆ ತಪ್ಪು ಅದರಾಗ ಇಲ್ಲ ಅಂತ ತಿಳೀತಿತ್ತು. ತಿಳಿದ್ರ, ಮತ್ತ ಯಾರದು ಅಂತ ಕೇಳ್ತಿದ್ರು...

"ನೋಡ್ತೀನ್ರಿ," ಅಂದ್ನಿ. "ಬಸ್ಸು ಬಂತ್ರಿ."

ಬಸ್ಸು ಇನ್ನಾ ಬಂದಿರ್ಲಿಲ್ಲ.

ಬ್ಯಾಸಗಿ ಕಳದ ಮ್ಯಾಲೆ ಧೈರ್ಯ ಮಾಡಿ ಬುಷ್ಷು ತಗೊಂಡು ಮತ್ತ ಹೋದ್ನಿ. ಗ್ವಾಡಿ ನೆರಳಿನಾಗ ಬಾಳಿಹಣ್ಣು ಮಾರೋ ಮುದುಕಿ ಕುಂತಿದ್ಲು. "ಆ ಸ್ಟೋವಿನಾಂವೇನು? ಜ್ವರ ಬಂದು ಹೋದ್ನಲ್ಲಪಾ," ಅಂದ್ಲು, ನೊಣ ಹೊಡಕೊಂತ.

ಸೊಸಿ ಅದನ್ನ ತಿಕ್ಕಿದ ಮರುದಿನ ನಾನು ಬುಷ್ಷು ತಗೊಂಡು ಬಳ್ಳಾರಿಗೆ ಹೋದ್ನಿ. ಕೌಲ್ ಬಜಾರಿನಾಗ ಆ ಶೆಡ್ಡಿನ ಗುರುತು ಸಿಗ್ಲಿಲ್ಲ. ಒಂದು ಲೇತಿನ ಅಂಗಡ್ಯಾಗ ಕೊಟ್ಟು, ಅಳದು ಹೇಳಪಾ ಅಂದ್ನಿ. ಆಂವ ಸಣ್ಣ ಯಂತ್ರ ಹಿಡಿದು ಒಳಗ, ಹೊರಗ, ನಾಲ್ಕು ಕಡಿ ಅಳದ. ತಿರುವಿ ಮತ್ತ ಅಳದ.

"ಅಜ್ಜಾ, ಯಾರು ಕಡದದ್ದು ಇದು? ಎಲ್ಲೂ ಕೂದಲೆಳಿ ಫರಕಿಲ್ಲಲ್ಲ!"

ಹ್ಞೂಂ ಅಂದ್ನಿ. ಬುಷ್ಷು ಇಸಕೊಂಡು ಕಿಸೇದಾಗ ಹಾಕ್ಕೊಂಡ್ನಿ. ಇದನ್ನ ಕೇಳಬೇಕಾದೋರು ಬ್ಯಾರೆ ಒಬ್ರು ಇದ್ರು.

ಮನಿಗೆ ಬರ್ತಾ ಒಂದು ಚಿಟಿಕಿ ಗ್ರೀಸು ಇಸಕೊಂಡು ಬಂದು, ಬುಷ್ಷಿನ ಒಳಗ ಬೆರಳಿಲೆ ಹಚ್ಚಿ, ಟ್ರಂಕಿನ ಮ್ಯಾಲೆ ಇಟ್ನಿ. ಇನ್ನ ಮ್ಯಾಲೆ ಇದನ್ನ ತಿಕ್ಕಬ್ಯಾಡವಾ ಅಂತ ಸೊಸಿಗೆ ಹೇಳಿದ್ನಿ. ಯಾಕ್ರಿ ಮಾವಾ ಅಂದ್ಲು. ಬಾಯಿಲೆ ಹೇಳಾಕ ಆಗ್ಲಿಲ್ಲ. ಅದಕ್ಕ ಇದನ್ನೆಲ್ಲಾ ಬರದೀನಿ.