ಟವೆಲ್ಲಿನ ಮರೆಯ ವಿದ್ಯೆ

“ಆ ಕಡೆ ತಿರುಕ್ಕಳ್ಲಾ!” ಎನ್ನುತ್ತಾ ಸಿದ್ದಣ್ಣ ಹೆಗಲ ಟವೆಲ್ಲನ್ನು ಬಸ್ಸಿನ ವಾಲ್ವಿಗೆ ಅಡ್ಡ ಹಿಡಿದ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ನಮ್ಮ ಮಳವಳ್ಳಿ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಗಾಳಿಯ ವಾಲ್ವನ್ನು ಎಷ್ಟು ತಿರುಗಿಸಿದರೆ ಎಂಜಿನ್ ಹಿಡಿಯುತ್ತದೆಂಬುದು ಅವನೊಬ್ಬನಿಗೇ ಗೊತ್ತು. ನಾನೂ ಅವನ ಜೊತೆಯ ಮೆಕ್ಯಾನಿಕ್ಕೇ. ಎರಡು ವರ್ಷದಿಂದ ಕಂಡದ್ದು ಆ ಟವೆಲ್ಲು ಮಾತ್ರ. ಕೆಟ್ಟವನಲ್ಲ, ತನ್ನ ಬುತ್ತಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದ, ವಿದ್ಯೆ ಕೊಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಬಸ್ಸು ಹೊರಡಿಸಿಕೊಟ್ಟು ಅವನು ಜ್ವರದಿಂದ ಮಲಗಿಬಿಟ್ಟ; ನಾನೊಬ್ಬನೇ ಜೊತೆಗಿದ್ದ ಬಸ್ಸು ದಾರಿಯ ಕಿರುಗಾವಲಿನಲ್ಲಿ ನಿಂತುಬಿಟ್ಟಿತು. ಜನ ಬಿಸಿಲಲ್ಲಿ ನಡೆದೇ ಹೊರಟರು. ನಡೆಯಲಾಗದ ಅಜ್ಜಿಯೊಬ್ಬಳು ಉಳಿದು, “ನಿಂಗೀ ಕೆಲ್ಸ ಬರಾಕಿಲ್ವೇನಪ್ಪಾ?” ಎಂದಳು. ಮುಖಕ್ಕೆ ಹೊಡೆದಂತಾಯಿತು. ಕೈ ಸುಟ್ಟುಕೊಂಡು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಹಿಡಿಯಿತು. ವಾಲ್ವು ನಿಂತ ಜಾಗಕ್ಕೆ ಎಲ್ಲರಿಗೂ ಕಾಣುವಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಜ್ವರ ಬಿಟ್ಟು ಬಂದ ಸಿದ್ದಣ್ಣ ಅದನ್ನು ಅದೇ ಟವೆಲ್ಲಿನಿಂದ ಒರೆಸಿದ. “ನಾಳೀಕೆ ನನ್ನ ಯಾರ್ಲಾ ಕೇಳ್ತಾರೆ?” ನಾನು ಕಬ್ಬಿಣ ಉಜ್ಜುವ ಅರ ತಂದು ಅವನೆದುರೇ ವಾಲ್ವಿನ ಕಬ್ಬಿಣದಲ್ಲೇ ಗೆರೆ ಕೊರೆದೆ. “ಈಗ ಒರ್ಸಣ್ಣಾ.”

ಆಮೇಲೆ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಆ ಗೆರೆ ತೋರಿಸಿದ್ದೇನೆ. ನಾಳೆ ನನ್ನನ್ನೂ ಯಾರೂ ಕೇಳದಿದ್ದರೆ ಬೇಡ. ಬೆವರನ್ನು ತೋಳಿನಲ್ಲೇ ಒರೆಸಿಕೊಳ್ಳುತ್ತೇನೆ. ಹೆಗಲ ಮೇಲೆ ಟವೆಲ್ಲು ಹಾಕುವುದಿಲ್ಲ.