ಹೊಟ್ಟಿನ ಗುಡ್ಡೆಯ ಮೇಲೆ ಮೂರು ಹಲಗೆ

ನಿನ್ನೆ ಮೊಮ್ಮಗಳ ಫ್ರಾಕಿನ ಜೇಬಿನಲ್ಲಿ ಉಳಿದಿದ್ದ ಕ್ರೇಯಾನ್ ನನ್ನ ಇಸ್ತ್ರಿ ಪೆಟ್ಟಿಗೆಯ ಅಡಿಯಲ್ಲಿ ಕರಗಿಹೋಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಬಿಸಿ ಮೇಣದ ವಾಸನೆ ಮೂಗಿಗೆ ಬಡಿದು ಬೈಗುಳವೇ ಮರೆತುಹೋಯಿತು. ಈ ವಾಸನೆಗೂ ನಮ್ಮ ಭಾವನ ಕಾಲಿಗೂ ಸಂಬಂಧವಿದೆ ಎಂದರೆ ನೀವು ನಗುತ್ತೀರಿ. ನಕ್ಕೇ ಕೇಳಿ.

ತೊಂಬತ್ತರ ದಶಕದ ಕೊನೆ. ನಾನು ದಾವಣಗೆರೆಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಕ್ಕ ಆಗ ನಮ್ಮ ಮನೆಯಲ್ಲೇ ಇದ್ದಳು; ಭಾವ ಸೈನ್ಯದಲ್ಲಿ, ಹಿಮ ಬೀಳುವ ಯಾವುದೋ ಬೆಟ್ಟದ ಮೇಲೆ. ಅಲ್ಲಿಗೆ ಬರುವ ಪ್ರವಾಸಿಗರು ಒಂದೇ ಹಲಗೆಗೆ ಎರಡೂ ಕಾಲು ಕಟ್ಟಿಕೊಂಡು ಜಾರುವುದನ್ನು ಕಂಡು ಭಾವನಿಗೂ ಹುಚ್ಚು ಹತ್ತಿತ್ತು. ರಜೆಗೆ ಬಂದಾಗ ಅಕ್ಕನಿಗೊಂದು ಶಾಲು ತಂದರು, ಜೊತೆಗೆ ಹಲಗೆಯ ನಕ್ಷೆ. ನಾವೋ, ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಅದೂ ಪಕ್ಕದ ಮನೆಯ ಫ್ರಿಜ್ಜು.

"ಮೆತ್ತನೆ ಹಿಮ, ಕಲ್ಲಿನಂಥ ಹಿಮ, ಎಲ್ಲಾದಕ್ಕೂ ಒಂದೇ ಹಲಗೆ ಆಗ್ಬೇಕು," ಎಂದರು ಭಾವ.

ಇಲ್ಲೇ ಮಾಡಿಸೋಣವೆಂದು ಅವರನ್ನು ಹರಿಹರದ ರಸೂಲ್ ಸಾಬರ ಹತ್ತಿರ ಕರೆದೊಯ್ದೆ. ಸಾಬರು ಕಬ್ಬಿಣದ ಎರಕಕ್ಕೆ ಮರದ ಅಚ್ಚು ಮಾಡುವವರು. ಕೂದಲೆಳೆಯಷ್ಟೂ ತಪ್ಪದ ಕೈ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಮೆಷಿನ್ನಿಂದು ಐತ್ರಿ?" ಎಂದರು. ಮೆಷಿನ್ ನಾನೇ ಎಂದು ಭಾವ ಹೇಳಿದಾಗ ಕನ್ನಡಕ ಒರೆಸಿಕೊಂಡು ಅವರ ಮೊಣಕಾಲು ನೋಡಿದರು. ಆಮೇಲೆ ತೆಳು ಪ್ಲೈವುಡ್ ಹಾಳೆಗಳನ್ನು ಅಂಟಿಸಿ, ಮೂತಿ ಬಗ್ಗಿಸಿ, ಸರಿಹೋದದ್ದನ್ನು ಆರಿಸಿಕೊಳ್ಳಲೆಂದು ಉದ್ದದ್ದೊಂದು, ಗಿಡ್ಡದ್ದೊಂದು, ನಡುವಿನದೊಂದು ಮಾಡಿಕೊಟ್ಟರು. ಹಲಗೆಯ ಅಡಿಗೆ ಮೇಣದ ಬತ್ತಿ ಕರಗಿಸಿ ಸವರಿದ್ದು ಅಕ್ಕನ ಇಸ್ತ್ರಿ ಪೆಟ್ಟಿಗೆಯಿಂದ. ಮುಂದೆ ಎಷ್ಟೋ ದಿನ ನನ್ನ ಅಂಗಿಗಳು ಕರೆಂಟು ಹೋದ ಮನೆಯಂತೆ ನಾರುತ್ತಿದ್ದವು.

ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡದೆ ಇರುವುದು ನನ್ನಿಂದಾಗದು. ಉದ್ದದ್ದನ್ನೇ ಒಯ್ಯಿರಿ ಎಂದೆ. ದೊಡ್ಡದಾದಷ್ಟೂ ಭದ್ರ ಎಂಬುದು ನನ್ನ ಸಿದ್ಧಾಂತ. ಅಂಗಿಯನ್ನೂ ಎರಡು ಅಳತೆ ದೊಡ್ಡದೇ ಹೊಲಿಸುತ್ತಿದ್ದೆ. ಭಾವ ಒಪ್ಪಿಯೂಬಿಟ್ಟರು. ಅಕ್ಕ ಒಪ್ಪಲಿಲ್ಲ.

"ಕಾಲು ಮುರ್ಕೊಂಡ್ರೆ ಅಲ್ಲಿ ನೋಡೋರು ಯಾರು? ಮೊದ್ಲು ನಾನು ನಿಂತು ನೋಡ್ತೀನಿ. ನಂಗೆ ಸರಿ ಅನ್ಸಿದ್ದು ಒಯ್ರಿ. ಇಲ್ಲಾಂದ್ರೆ ಯಾವ್ದೂ ಬ್ಯಾಡ."

ದಾವಣಗೆರೆಯಲ್ಲಿ ಹಿಮವೆಲ್ಲಿ? ಗಿರಣಿಯ ಹಿಂದೆ ಎರಡಾಳೆತ್ತರದ ಭತ್ತದ ಹೊಟ್ಟಿನ ಗುಡ್ಡೆ ಇತ್ತು. ಭಾನುವಾರ ಬೆಳಿಗ್ಗೆ ಅಕ್ಕ ಸೀರೆಗೆ ಕಚ್ಚೆ ಹಾಕಿ ಅದನ್ನು ಹತ್ತಿದಳು. ಯಾರಾದರೂ ನೋಡಿಯಾರೆಂದು ನಾನು ಓಡಿಹೋಗಿ ಗೇಟು ಹಾಕಿ ಬಂದೆ. ಗಿಡ್ಡ ಹಲಗೆಯ ಮೂತಿ ಹೊಟ್ಟಿನಲ್ಲಿ ಹೂತು ಅಕ್ಕ ಮುಗ್ಗರಿಸಿದಳು. ನನ್ನ ಉದ್ದದ ಹಲಗೆ ಸುಯ್ಯನೆ ಇಳಿಯಿತು, ಚಪ್ಪಾಳೆ ತಟ್ಟಿದೆ. ಆದರೆ ಅದು ತಿರುಗಲಿಲ್ಲ. ಗಿರಣಿಯ ಗೋಡೆ ಎದುರಿಗೆ ಬಂದರೂ ತಿರುಗಲಿಲ್ಲ. ಅಕ್ಕ ಪಕ್ಕಕ್ಕೆ ಉರುಳಿ ಉಳಿದಳು. ತಲೆಯ ಹೊಟ್ಟು ಕೊಡವಿಕೊಂಡು, ನನ್ನನ್ನೊಮ್ಮೆ ನೋಡಿ, ನಡುವಿನದನ್ನು ಎತ್ತಿಕೊಂಡಳು. ಅದು ಅವಳು ಮೈ ವಾಲಿಸಿದತ್ತ ವಾಲಿತು. ಅಷ್ಟಕ್ಕೂ ಬಿಡದೆ ಶಾಮನೂರು ಕಡೆಯ ಕಾಲುವೆ ಏರಿಗೆ ಹೋಗಿ, ಗಟ್ಟಿ ನೆಲದ ಒಣಹುಲ್ಲಿನ ಮೇಲೂ ಜಾರಿದಳು. ಅಲ್ಲೂ ಅದು ಹೇಳಿದಂತೆ ಕೇಳಿತು.

"ಇದನ್ನ ಒಯ್ರಿ," ಎಂದಳು.

ಭಾವ ಹೋದ ಮೇಲೆ ಒಂದೂವರೆ ತಿಂಗಳು ಕಾಗದವಿಲ್ಲ. ಅಂಚೆಯವನ ಸೈಕಲ್ ಗಂಟೆಗೆ ಅಕ್ಕ ಹೊರಗೆ ಓಡುವಳು. ನಾನು ಸರಿಯಾಗಿ ಆ ಹೊತ್ತಿಗೆ ಬಚ್ಚಲು ಸೇರುತ್ತಿದ್ದೆ. ಸಾಬರ ಹತ್ತಿರ ಕರೆದೊಯ್ದವನು ನಾನೇ ತಾನೆ? ಕೊನೆಗೂ ಕಾಗದ ಬಂತು. "ತಿರುವಿನಲ್ಲಿ ದೊಡ್ಡ ಕೊರಕಲು. ಹತ್ತಿರ ಹೋದ ಮೇಲೆ ಕಂಡಿತು. ಹಲಗೆ ತಿರುಗಿತು. ನಿನ್ನ ಗಿರಣಿ ಗೋಡೆ ನೆನಪಾಯಿತು," ಎಂದು ಅಕ್ಕನಿಗೆ ಬರೆದಿದ್ದರು. ಅಕ್ಕ ಅಡುಗೆಮನೆಯಲ್ಲಿ ಅತ್ತಳು, ನಾನು ಬಚ್ಚಲಲ್ಲಿ. ನನ್ನ ಮಾತನ್ನು ಯಾರೂ ಕೇಳದಿದ್ದುದಕ್ಕೆ ನಾನು ಅಷ್ಟೊಂದು ಸಂತೋಷಪಟ್ಟದ್ದು ಅದೊಂದೇ ಸಲ.

ಆದರೂ ಹಲಗೆ ಆರಿಸಿದ್ದು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅಕ್ಕ ಒಂದು ದಿನವೂ ಅಲ್ಲವೆನ್ನಲಿಲ್ಲ. ನಿನ್ನೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ, ಈಗ ಅಕ್ಕ, ಭಾವ ಇರುವ ಹರಿಹರಕ್ಕೆ ಫೋನ್ ಮಾಡಿದೆ.

"ಅಕ್ಕ, ಅವತ್ತು ಹಲಗೆ ವಿಷಯದಾಗೆ ನೀನು ನನ್ನ ಮಾತು ಕೇಳ್ಲಿಲ್ಲ. ಒಳ್ಳೇದಾತು ನೋಡು."

"ನಿನ್ನ ಮಾತು ಯಾವತ್ತು ಕೇಳೀನಿ ಹೇಳು? ತಡಿ, ನಿಮ್ಮ ಭಾವ ವಾಕಿಂಗ್ ಮುಗಿಸ್ಕೊಂಡು ಬಂದ್ರು. ಮಾತಾಡು."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು.