ರೋಮಿನ ಹುಡುಗಿಯ ಕಥೆ ಮಾಡಿದ್ದು

ಊರೂರಿಗೆ ಹೋಗಿ ಶಿವಕಥೆ ಮಾಡುವುದು ನನ್ನ ಕೆಲಸ. ಮಾಂಬಳ್ಳಿಯಿಂದ ಕೊಳ್ಳೇಗಾಲದವರೆಗೆ ಜನರನ್ನು ನನ್ನಷ್ಟು ಅಳಿಸುವವರು ಇನ್ನೊಬ್ಬರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲವಲ್ಲ. ಹನೂರಿನಾಚೆಯ ಒಂದು ಊರಿನ ಚರ್ಚಿನ ಫಾದರ್ ಫೋನ್ ಮಾಡಿ, ತಮ್ಮ ಹಬ್ಬಕ್ಕೆ ಬಂದು ಹುತಾತ್ಮಳಾದ ಒಬ್ಬ ಹುಡುಗಿಯ ಕಥೆ ಮಾಡಿಕೊಡಬೇಕೆಂದು ಕೇಳಿದಾಗ, ನನ್ನ ಕೀರ್ತಿ ಧರ್ಮದ ಗಡಿಯನ್ನೂ ದಾಟಿತೆಂದು ಬೀಗಿದೆ. ಅವರು ಮೊದಲು ಗೊತ್ತುಮಾಡಿದ್ದು ಬೇರೊಬ್ಬರನ್ನು, ಅವರಿಗೆ ಗಂಟಲು ಕಟ್ಟಿತ್ತು ಎಂಬುದು ಆಮೇಲೆ ತಿಳಿಯಿತು.

ಕಥೆಯನ್ನು ಫಾದರ್ ಫೋನಿನಲ್ಲೇ ಹೇಳಿದರು. ರೋಮ್ ಪಟ್ಟಣದ ಸಿರಿವಂತರ ಮನೆಯ ಹುಡುಗಿ, ಹನ್ನೆರಡೋ ಹದಿಮೂರೋ ವಯಸ್ಸು. ಯೇಸುವಿಗೆ ಮನಸ್ಸು ಕೊಟ್ಟವಳು. ಅಧಿಕಾರಿಯ ಮಗ ಒಡವೆ ತಂದು ಮದುವೆಗೆ ಕೇಳಿದರೆ ಒಲ್ಲೆ ಎಂದಳು. ಅವನು ಅಪ್ಪನಿಗೆ ದೂರು ಕೊಟ್ಟ. ನಮ್ಮ ದೇವರಿಗೆ ಧೂಪ ಹಾಕು, ಬಿಟ್ಟುಬಿಡುತ್ತೇವೆ ಎಂದರು. ಹಾಕಲಿಲ್ಲ. ಬೇಡಿ ತೊಡಿಸಿದರೆ ಆ ಪುಟ್ಟ ಕೈಗಳಿಂದ ಅದು ಜಾರಿ ಬಿತ್ತು. ಕೊನೆಗೆ ಕತ್ತಿ. ಕತ್ತಿ ಹಿಡಿದವನ ಕೈ ನಡುಗಿತಂತೆ, ನೋಡುತ್ತಿದ್ದವರೆಲ್ಲ ಅತ್ತರಂತೆ. ಅವಳು ಮಾತ್ರ ಅಳಲಿಲ್ಲ.

"ಅವಳೇ ಅಳದಿದ್ದರೆ ಜನ ಹೇಗೆ ಅಳ್ತಾರೆ ಫಾದರ್?" ಎಂದೆ.

"ಇದ್ದದ್ದು ಇದ್ದಹಾಗೆ ಹೇಳಿ ಸರ್, ಸಾಕು," ಎಂದರು.

ನನಗೆ ಬಾರದ ವಿದ್ಯೆ ಅದೊಂದೇ.

ಹಬ್ಬದ ದಿನ ಬೆಳಗಿನ ಪೂಜೆ, ಅವರು ಬಲಿಪೂಜೆ ಎನ್ನುವುದು, ಮುಗಿದ ಮೇಲೆ ಚರ್ಚಿನ ಮುಂದಿನ ಶಾಮಿಯಾನದಲ್ಲಿ ಶುರುಮಾಡಿದೆ. ಆ ಊರಿನ ಮನೆಮಾತು ತಮಿಳಾದರೂ ಕನ್ನಡ ಎಲ್ಲರಿಗೂ ಬರುತ್ತದೆ. ಅಧಿಕಾರಿಯ ಮಗನಿಗೆ ದಪ್ಪ ಮೀಸೆ ಬರಿಸಿದೆ. ಹುಡುಗಿಯ ತಾಯಿಯಿಂದ, ಫಾದರ್ ಹೇಳದೇ ಇದ್ದ ಒಂದು ಗೋಳಿನ ಹಾಡು ಹಾಡಿಸಿದೆ. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಬೇಡಿ ಜಾರುವ ಜಾಗಕ್ಕೆ ಬಂದು ನನ್ನ ಕೈಯನ್ನೇ ಮುಂದೆ ಚಾಚಿದಾಗ, ಎಂಟನೇ ಕ್ಲಾಸಿಗೆ ಹೋಗುವ ನನ್ನ ಮಗಳ ಕೈ ನೆನಪಾಯಿತು. ಬಳೆಯಂಗಡಿಯಲ್ಲಿ ಯಾವ ಬಳೆ ತೊಡಿಸಿದರೂ ಅವಳಿಗೆ ಸಡಿಲವೇ. ಜನರನ್ನು ಅಳಿಸಲು ಹೋದವನು ಮೈಕಿನ ಮುಂದೆ ಗೊಳೋ ಎಂದು ಅತ್ತೆ. ನನ್ನ ಜೊತೆ ಹಾರ್ಮೋನಿಯಂ ನುಡಿಸುವವನು ಇದೂ ನಟನೆಯೇ ಎಂದುಕೊಂಡು ಜೋರಾಗಿ ಬಾರಿಸಿದ.

ಮುಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದು ನೀರು ಕೊಟ್ಟಳು. "ಯಾಕ್ ಸಾಮಿ ಅಳ್ತೀರಿ? ಇವತ್ತು ನಮ್ ಮಗ ಸ್ವರ್ಗಕ್ಕೋದ ದಿನ. ನಮ್ಗೆ ಅಬ್ಬ ಕಣ್ರಿ!" ಎಂದಳು. ಅವರ ಕಡೆ ಹೆಣ್ಣುಮಗುವನ್ನೂ 'ಮಗ' ಎಂದೇ ಕರೆಯುತ್ತಾರೆ.

ನೀರು ಕುಡಿದು ಕತ್ತಿಯವರೆಗೂ ಹೇಗೋ ಬಂದೆ. ನಮ್ಮ ಶರಣರ ಕಥೆಗಳಲ್ಲಿ ಮಗುವನ್ನು ಕಡಿದರೂ ಕೊನೆಗೆ ಶಿವ ಬಂದು ಎಬ್ಬಿಸಿಕೊಡುತ್ತಾನೆ. ನಾಲಿಗೆ ಅದೇ ಹಳೆಯ ಹಾದಿ ಹಿಡಿಯಿತು. "ಭಗವಂತ ಪ್ರತ್ಯಕ್ಷನಾಗಿ, ಏಳು ಮಗಳೇ ಎಂದ! ಹುಡುಗಿ ನಿದ್ದೆಯಿಂದ ಎದ್ದಂತೆ ಎದ್ದು ಕೂತಳು!" ಎಂದು ಮಂಗಳ ಹಾಡಿಯೇಬಿಟ್ಟೆ.

ಫಾದರ್ ಕುರ್ಚಿಯಿಂದ ಅರ್ಧ ಎದ್ದರು. ಆ ಅಜ್ಜಿಯೇ ನನ್ನ ಮಾನ ಉಳಿಸಿದಳು: "ಇರ್ಲಿ ಬುಡಿ ಫಾದರ್. ಮ್ಯಾಲೆ ಓಗಿ ಎದ್ದೇ ಎದ್ದಿರ್ತಾಳೆ. ಇವ್ರು ವಸಿ ಬಿರ್ನೆ ಎಬ್ಬುಸ್ಬುಟ್ರು, ಅಷ್ಟೇಯ."

ಜನ ನಕ್ಕರು, ಫಾದರೂ ನಕ್ಕರು. ಶಾಲು ಹೊದಿಸಿ, ಮಾಂಸ ತಿನ್ನದ ನನಗೆಂದೇ ಬೇರೆ ಮಾಡಿಸಿದ್ದ ಪುಳಿಯೋಗರೆ ಬಡಿಸಿದರು. ನಾಚಿಕೆಯಾದರೂ ಎರಡನೆಯ ಸಲ ಹಾಕಿಸಿಕೊಂಡೆ.

ವಾಪಸಾಗುವಾಗ ಬಸ್ಸು ಹನೂರು ದಾಟಿದ ಮೇಲೆ ಹಾರ್ಮೋನಿಯಂನವನು ನನ್ನ ಕಡೆ ವಾಲಿದ. "ಅಲ್ಲಾ ಕಣಣ್ಣೋ, ಸತ್ತೋಳ್ನ ಯಾಕ್ ಬದುಕ್ಸುದ್ರಿ?" ಎಂದ.

"ಸಾಯ್ಸಕ್ಕೆ ಮನ್ಸು ಬರ್ನಿಲ್ಲ ಕಣ್ಲಾ," ಎಂದೆ.

ಅದು ಪೂರ್ತಿ ಸುಳ್ಳೇನೂ ಅಲ್ಲ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕಿಟಕಿಯ ಕಡೆ ತಿರುಗಿ ನಗತೊಡಗಿದ.